ಯಾವೂರೆಂದು ಕೇಳಿ ಕಳುಹಿಸಿಕೊಟ್ಟ ಊರು

ಆ ಹೆಂಗಸನ್ನು ನಮ್ಮ ಪುರಸಭೆ ಕೇಳಿದ್ದು ಒಂದೇ ಪ್ರಶ್ನೆ. ಮಲಗಲು ಜಾಗವಿದೆಯೇ ಎಂದಲ್ಲ, ಮೈ ಹುಷಾರಾಗಿದೆಯೇ ಎಂದಲ್ಲ, ಯಾವೂರು ಎಂದು. ಅವರು ಒಂದೇ ಮಾತಿನಲ್ಲಿ ಉತ್ತರ ಕೊಟ್ಟರು. ಆ ಉತ್ತರವನ್ನೇ ಆಧಾರ ಮಾಡಿಕೊಂಡು ಅವರನ್ನು ಕಸದ ಗಾಡಿಗೆ ಹತ್ತಿಸಿ, ಬೇರೊಂದು ಊರಿನ ಬಸ್ ನಿಲ್ದಾಣದಲ್ಲಿ ಇಳಿಸಿ ಬಂದರು. ಕಾನೂನಿನ ಯಾವ ಕಲಮಿನಡಿ ಇದು ಅಪರಾಧವಾಗುತ್ತದೆಂದು ವಕೀಲರು ಬೇಕಾದರೆ ಹುಡುಕಲಿ. ನಾನು ಇದನ್ನು ಅಪರಾಧವೆಂದೇ ಕರೆಯುತ್ತೇನೆ. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಊರಿನ ಹೆಸರನ್ನು ಮಾತ್ರ ಬರೆಯುವುದಿಲ್ಲ. ಹಾಸನ ಜಿಲ್ಲೆಯ ಒಂದು ಸಣ್ಣ ಪೇಟೆಯೂರು ಎಂದರೆ ಸಾಕು. ಹೆಸರು ಹೇಳಿದರೆ ಉಳಿದ ಊರುಗಳು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಹಗುರಾಗಿಬಿಡುತ್ತವೆ. ಆ ಸಮಾಧಾನವನ್ನು ಅವುಗಳಿಗೆ ಕೊಡಲು ನನಗೆ ಮನಸ್ಸಿಲ್ಲ.

ಅವರು ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದರು. ವಯಸ್ಸು ಐವತ್ತು ದಾಟಿತ್ತು. ಮೊದಲ ಬಸ್ಸಿನ ಪ್ರಯಾಣಿಕರಿಗೆ ಇಡ್ಲಿ ಬೇಯುವ ಮುನ್ನ ಅವರ ಕೆಲಸ ಶುರುವಾಗುತ್ತಿತ್ತು. ಕೊನೆಯ ಬಸ್ಸಿನ ಚಾಲಕ, ಕಂಡಕ್ಟರು ಉಂಡೆದ್ದ ಮೇಲೆ ಮುಗಿಯುತ್ತಿತ್ತು. ಆಮೇಲೆ ಸಂತೆಮಾಳದ ಶೆಡ್ಡಿಗೆ ಬಂದು, ತರಕಾರಿ ಮಾರುವ ಕಟ್ಟೆಯ ಮೇಲೆ ಗೋಣಿಚೀಲ ಹಾಸಿ ಮಲಗುತ್ತಿದ್ದರು. ಅದೇ ಶೆಡ್ಡಿನ ಇನ್ನೊಂದು ತುದಿಯಲ್ಲಿ ಇಬ್ಬರು ಮುದುಕರು ಮಲಗುತ್ತಿದ್ದರು. ಊರಿನಲ್ಲಿ ಇವರನ್ನು ಯಾರೂ ಕಂಡಿರಲಿಲ್ಲವೆಂದಲ್ಲ. ದಿನವೂ ಕಾಣುವುದರಿಂದಲೇ ಯಾರೂ ನೋಡುತ್ತಿರಲಿಲ್ಲ.

ಶೆಡ್ಡನ್ನು ಕೆಡವಿ ಮಾರುಕಟ್ಟೆ ಸಂಕೀರ್ಣ ಕಟ್ಟುವುದೆಂದು ಪುರಸಭೆ ತೀರ್ಮಾನಿಸಿತು. ಮಳೆಗಾಲ ಹತ್ತಿರದಲ್ಲಿತ್ತು. ಕೆಡವುವವರು ಯಾವಾಗ ಬರುತ್ತಾರೆಂಬುದು ಎಲ್ಲರಿಗೂ ತಿಳಿದಿತ್ತು, ಅಲ್ಲಿ ಮಲಗುವ ಮೂವರಿಗೆ ಹೊರತು. ನಾನು ಕೆಲಸ ಮಾಡುವ ನಾಗರಿಕ ಸಮಿತಿ ಆಗ ಒಂದು ಬೇಡಿಕೆ ಇಟ್ಟಿತು. ಸಂತೆಮಾಳದ ಹಿಂದೆ ಪುರಸಭೆಯದೇ ಆದ ಹಳೆಯ ವಾಚನಾಲಯದ ಕಟ್ಟಡ ಬೀಗ ಜಡಿದುಕೊಂಡು ನಿಂತಿದೆ. ಅದನ್ನು ವಸತಿರಹಿತರ ಆಶ್ರಯ ಕೇಂದ್ರ ಮಾಡಿ, ಆಮೇಲೆ ಶೆಡ್ಡನ್ನು ಕೆಡವಿ. ಇಷ್ಟೇ. ಆಕಾಶವನ್ನು ಕೇಳಿರಲಿಲ್ಲ, ಹೆಂಚಿನ ಮಾಡೊಂದನ್ನು ಕೇಳಿದ್ದೆವು.

ಮುಖ್ಯಾಧಿಕಾರಿ ಸಭ್ಯರು. ಕುರ್ಚಿ ತೋರಿಸಿ, ಚಹಾ ತರಿಸಿ, ಆಮೇಲೆ ಇಲ್ಲವೆಂದರು.

“ಸ್ಕೀಮ್ ಇರೋದು ದೊಡ್ಡ ಊರುಗಳಿಗೆ ಮೇಡಂ. ನಮ್ಮ ಪಾಪ್ಯುಲೇಷನ್ ಅಷ್ಟಿಲ್ಲ. ನಾನೇನು ಮಾಡ್ಲಿ, ಜನಗಳನ್ನ ಹುಟ್ಟಿಸ್ಲಾ?”

“ಆಸ್ತಿ ತೆರಿಗೆಯ ಜೊತೆಗೆ ಪ್ರತಿ ಮನೆಯಿಂದಲೂ ಭಿಕ್ಷುಕರ ಉಪಕರ ತೆಗೆದುಕೊಳ್ಳುತ್ತೀರಲ್ಲ ಸರ್?”

“ಅದು ನಮ್ಮದಲ್ಲ, ವಸೂಲಿ ಮಾಡಿ ಮೇಲಕ್ಕೆ ಕಳಿಸ್ತೀವಿ. ಬೇಕಿದ್ರೆ ಹೇಳಿ, ಮೇಲಿನಿಂದ ವ್ಯಾನ್ ತರಿಸ್ತೀನಿ, ಮೂವರನ್ನೂ ಕರ್ಕೊಂಡು ಹೋಗ್ತಾರೆ.”

ಸೂರ್ಯ ಹುಟ್ಟುವ ಮೊದಲೇ ದುಡಿಮೆ ಶುರುಮಾಡುವ ಹೆಂಗಸಿಗೆ ನಮ್ಮ ವ್ಯವಸ್ಥೆಯಲ್ಲಿದ್ದ ಏಕೈಕ ಸೌಲಭ್ಯ ಭಿಕ್ಷುಕಿಯೆಂದು ಹಿಡಿದೊಯ್ಯುವ ವಾಹನ. ಮನೆಯಿಲ್ಲದಿರುವುದಕ್ಕೂ ಭಿಕ್ಷೆ ಬೇಡುವುದಕ್ಕೂ ನಡುವಿನ ವ್ಯತ್ಯಾಸವನ್ನು ನಮ್ಮ ಕಚೇರಿಗಳು ಇನ್ನೂ ಕಲಿತಿಲ್ಲ. ಮನೆಯಿಲ್ಲದ ದುಡಿಮೆಗಾರರನ್ನು ಕರೆಯಲು ಅವುಗಳ ಬಳಿ ಒಂದು ಪದವೂ ಇಲ್ಲ. ಪದವಿಲ್ಲದವರಿಗೆ ಅನುದಾನವೂ ಇಲ್ಲ.

ಕೊನೆಗೆ ಒಂದು ದಾರಿ ಕಂಡಿತು. ಯೋಜನೆ ಇಲ್ಲದಿದ್ದರೂ ಪುರಸಭೆ ತನ್ನ ನಿಧಿಯಿಂದ ಮಾಡಬಹುದು. ಸಾಮಾನ್ಯ ಸಭೆ ನಿರ್ಣಯ ಮಾಡಬೇಕು. ಅದಕ್ಕೆ ಮೊದಲು ಕಟ್ಟಡ ವಾಸಯೋಗ್ಯವೆಂದು ಎಂಜಿನಿಯರ್ ಪ್ರಮಾಣಪತ್ರ ಬೇಕು. ಎಂಜಿನಿಯರ್ ಬಂದು ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಗೋಡೆ ಗಟ್ಟಿ, ಮಾಡಿನ ಮರ ಲಡ್ಡು ಹಿಡಿದಿದೆ ಎಂದರು. ಒಡೆದ ಹೆಂಚು ತೆಗೆಸಿ ಬೇರೆ ಹೊದಿಸಿದೆವು. ಗೆದ್ದಲು ತಿಂದ ಎರಡು ತೊಲೆಗಳನ್ನು ಬದಲಿಸಿದೆವು. ಮರುಭೇಟಿಯಲ್ಲಿ ಅವರು, ಶೌಚಾಲಯವಿಲ್ಲದೆ ವಾಸಯೋಗ್ಯವೆಂದು ಬರೆಯಲಾಗದು ಎಂದರು. ವಾಚನಾಲಯಕ್ಕೆ ಬರುವವರು ಓದಿ ಮನೆಗೆ ಹೋಗುತ್ತಿದ್ದವರು. ಅಲ್ಲಿ ಶೌಚಾಲಯ ಕಟ್ಟಿಸಿರಲೇ ಇಲ್ಲ. ಹಿತ್ತಲಲ್ಲಿ ಗುಂಡಿ ತೋಡಿಸಲು ಶುರುಮಾಡಿದ ದಿನವೇ ಬೀದಿಯವರು ಎದ್ದು ಬಂದರು.

“ಯಾವ ಜನಾನೋ ಏನೋ, ಎಲ್ರೂ ನಮ್ಮ ಬೀದಿ ನಲ್ಲೀಲೇ ನೀರು ಇಡೀತಾರಾ?” ಎಂದು ಒಬ್ಬರು. “ಹೆಣ್ಮಕ್ಕಳು ಓಡಾಡೋ ಬೀದಿ ಇದು, ಸ್ವಲ್ಪ ಯೋಚ್ನೆ ಮಾಡಿ,” ಎಂದು ಇನ್ನೊಬ್ಬರು.

ಮೊದಲನೆಯದು ಜಾತಿ. ಅದಕ್ಕೆ ನೈರ್ಮಲ್ಯದ ಅಂಗಿ ತೊಡಿಸಿದರೂ ಜಾತಿಯೇ. ಎರಡನೆಯದಕ್ಕೆ ನನಗೆ ಇಂದಿಗೂ ಹೆಸರು ಸಿಕ್ಕಿಲ್ಲ. ಹೆಣ್ಣುಮಕ್ಕಳ ಭದ್ರತೆಯ ಬಗ್ಗೆ ಆತಂಕಪಟ್ಟ ಆ ಹಿರಿಯರ ಲೆಕ್ಕದಲ್ಲಿ ಗೋಡೆಯಿಲ್ಲದ ಶೆಡ್ಡಿನಲ್ಲಿ ತರಕಾರಿ ಕಟ್ಟೆಯ ಮೇಲೆ ಮಲಗುವ ಹೆಂಗಸು ಹೆಣ್ಣಾಗಿರಲಿಲ್ಲ.

ಆ ಬೀದಿಯ ಪುರಸಭಾ ಸದಸ್ಯರು ತೆಂಗಿನ ವ್ಯಾಪಾರದವರು, ಹಳ್ಳಿಯಲ್ಲಿ ಜಮೀನು, ಪೇಟೆಯಲ್ಲಿ ಮನೆ ಉಳ್ಳವರು. ಒರಟಾಗಿ ಮಾತಾಡುತ್ತಿದ್ದರೂ ಬಾಗಿಲಿಗೆ ಬಂದವರನ್ನು ಕೂರಿಸಿ ಮಾತಾಡುತ್ತಿದ್ದರು.

“ನಮ್ಮೂರ್ನೋರ್ಗೆ ಮಾಡಾಣ ಕಣಮ್ಮ, ಬ್ಯಾಡ ಅನ್ನಕಿಲ್ಲ. ಆದ್ರೆ ಕಂಡೋರೂರ್ ಜನಾನೆಲ್ಲ ತಂದು ನಮ್ಮ ಬೀದೀಲಿ ಗುಡ್ಡೆ ಆಕ್ಬ್ಯಾಡಿ. ಇವತ್ತು ಮೂರ್ ಜನ ಅಂತೀರಿ, ನಾಳೀಕೆ ಜಿಲ್ಲೆಗೆ ಜಿಲ್ಲೇನೇ ಆಸ್ಗೆ ಸುತ್ಕಂಡು ಬಂದು ನಿಂತ್ಕತದೆ.”

ಗುಂಡಿ ಮುಗಿಯಿತು. ನಲ್ಲಿ ಬಂತು. ಪ್ರಮಾಣಪತ್ರವೂ ಬಂತು. ಸಾಮಾನ್ಯ ಸಭೆ ಕೇಂದ್ರಕ್ಕೆ ಒಪ್ಪಿಗೆ ಕೊಟ್ಟಿತು, ಆದರೆ ಆ ಬೀದಿಯ ಸದಸ್ಯರು ಅದಕ್ಕೊಂದು ವಾಕ್ಯ ಸೇರಿಸಿದರು: ಈ ಸೌಲಭ್ಯ ಸ್ಥಳೀಯರಿಗೆ ಮಾತ್ರ, ಪರಸ್ಥಳದವರನ್ನು ವಿಚಾರಿಸಿ ಅವರವರ ಊರಿಗೆ ಕಳುಹಿಸಿಕೊಡತಕ್ಕದ್ದು. ನಮ್ಮ ಆಕ್ಷೇಪವನ್ನು ಲಿಖಿತವಾಗಿ ಕೊಟ್ಟೆವು. ಸಭೆಯ ಮುಂದೆ ಅದನ್ನು ಓದಲೂ ಇಲ್ಲ.

ವಿಚಾರಿಸಿದವರು ಪುರಸಭೆಯ ಆರೋಗ್ಯ ನಿರೀಕ್ಷಕರು. ಅವತ್ತು ನಾನು ಹಾಸನದ ಜಿಲ್ಲಾ ಕಚೇರಿಯಲ್ಲಿ ಮಂಚ, ಹೊದಿಕೆಗಳಿಗಾಗಿ ಒಬ್ಬ ಅಧಿಕಾರಿಯ ಕೋಣೆಯಿಂದ ಇನ್ನೊಬ್ಬರ ಕೋಣೆಗೆ ಅಲೆಯುತ್ತಿದ್ದೆ. ಮಂಜೂರಾತಿಯ ಭರವಸೆಯೊಂದಿಗೆ ಊರಿಗೆ ಬಂದಾಗ ಶೆಡ್ಡಿನಲ್ಲಿ ಇಬ್ಬರು ಮುದುಕರಷ್ಟೇ ಇದ್ದರು. ನಡೆದದ್ದನ್ನು ಹೇಳಿದವರು ಶೆಡ್ಡಿನ ಬಾಯಲ್ಲಿ ಕುಳಿತು ಹೂ ಮಾರುವಾಕೆ.

“ಕಸದ ಗಾಡಿ ತಂದು ನಿಲ್ಸುದ್ರು ಕಣವ್ವ. ‘ನಿಮ್ಗೆಲ್ಲ ಯವಸ್ತೆ ಮಾಡವ್ರೆ, ಯಾವೂರಮ್ಮಿ ನಿಂದು?’ ಅಂದ್ರು. ಇವ್ಳು ‘ಪಟ್ಣ ಸಾ’ ಅಂದ್ಲು. ‘ಪಟ್ಣನಾ? ಸರಿ, ಗಾಡಿ ಅತ್ತು’ ಅಂದ್ರು. ಹೊಸ ಜಾಗುಕ್ಕೆ ಕರ್ಕೊಂಡೋಯ್ತಾರೆ ಅಂದ್ಕಂಡ್ಲೋ ಏನೋ, ನಕ್ಕಂಡೇ ಅತ್ತುದ್ಲು. ನಂಗೆ ಟಾಟಾ ಬ್ಯಾರೆ ಮಾಡುದ್ಲು.”

ಮುದುಕರಲ್ಲಿ ಒಬ್ಬರು ಊರಿನ ಹಳೆಯ ಹಮಾಲಿ, ಎಲ್ಲರಿಗೂ ಗುರುತು. ಇನ್ನೊಬ್ಬರು ಪ್ರಶ್ನೆಗೆ ಬಾಯಿ ಬಿಡಲೇ ಇಲ್ಲವಂತೆ. ಮಾತಾಡದವರನ್ನು ಎಲ್ಲಿಗೆ ಕಳುಹಿಸುವುದೆಂದು ತೋಚದೆ ಬಿಟ್ಟು ಹೋಗಿದ್ದರು. ನಿಜ ನುಡಿದವರು ಮಾತ್ರ ಗಾಡಿ ಹತ್ತಿದ್ದರು.

ಈ ಸೀಮೆಯಲ್ಲಿ ಪಟ್ಣ ಎಂದರೆ ಚನ್ನರಾಯಪಟ್ಟಣ. ಪೂರ್ತಿ ಹೆಸರನ್ನು ಯಾರೂ ಹೇಳುವುದಿಲ್ಲ. ಕಂಡಕ್ಟರು ಬಾಗಿಲಲ್ಲಿ ನಿಂತು ಪಟ್ಣ ಪಟ್ಣ ಎಂದು ಕೂಗುತ್ತಾನೆ, ಹತ್ತುವವರು ಹತ್ತುತ್ತಾರೆ. ನಿರೀಕ್ಷಕರಿಗೆ ಎರಡನೆಯ ಯೋಚನೆ ಬಂದಿರಲಿಲ್ಲ. ನಾನು ಅವರ ಕಚೇರಿಗೆ ಹೋದಾಗ ಅವರು ಕೆಲಸ ಮುಗಿಸಿದ ನೆಮ್ಮದಿಯಲ್ಲಿದ್ದರು.

“ಮನುಷ್ಯರನ್ನು ಕಸದ ಗಾಡಿಯಲ್ಲಿ ಕಳುಹಿಸಿದಿರಾ?”

“ತೊಳ್ಸಿ ಕಳ್ಸಿದೀನಿ ಮೇಡಂ. ಬೇಕಾದ್ರೆ ಡ್ರೈವರ್‌ನ ಕೇಳಿ, ಎರಡು ಸಲ ತೊಳ್ಸಿದೀನಿ.”

“ಅಲ್ಲಿ ಯಾರ ಹತ್ತಿರ ಬಿಟ್ಟಿರಿ?”

“ಬಸ್ ಸ್ಟ್ಯಾಂಡಲ್ಲಿ. ಅವ್ರೂರು, ಅವ್ರಿಗೆ ಮನೆ ದಾರಿ ಗೊತ್ತಿರಲ್ವಾ? ಎಲ್ಲಾ ಊರ್ನೋರೂ ಇಂಗೇ ಮಾಡೋದು ಮೇಡಂ. ಅವ್ರು ನಮ್ಕಡೆ ಬುಡ್ತಾರೆ, ನಾವು ಅವ್ರ್ ಕಡೆ ಬುಡ್ತೀವಿ. ಅಲ್ಲಿಗಲ್ಲಿಗೆ ಸರಿ ಓಯ್ತದೆ.”

ಗಾಡಿ ತೊಳೆಸಿದ್ದನ್ನು ಅವರು ಮನಃಪೂರ್ವಕವಾಗಿ ಮಾನವೀಯತೆಯೆಂದು ನಂಬಿದ್ದರು. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಮರುದಿನ ಬೆಳಗ್ಗೆ ನಾನು ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ನಿಲ್ದಾಣದ ಹೊರಗೆ ಒಬ್ಬರು ಎಳನೀರು ಕೊಚ್ಚುತ್ತಿದ್ದರು. ಅವರ ಹಿಂದೆ, ಕುಡಿದೆಸೆದ ಬುರುಡೆಗಳನ್ನು ಆಯ್ದು ಒಂದು ಮೂಲೆಗೆ ಒಟ್ಟುತ್ತಿದ್ದವರನ್ನು ನೋಡಿದೆ. ಅವರೇ. ಯಾರಾದರೂ ಕೆಲಸಕ್ಕೆ ಇಟ್ಟುಕೊಂಡರೇ ಎಂದು ಕೇಳಿದೆ.

“ಯಾರೂ ಇಟ್ಕಂಡಿಲ್ಲ ಕಣವ್ವ. ಸುಮ್ನೆ ಮಾಡ್ತಾವ್ನಿ. ಕೆಲ್ಸ ಮಾಡ್ತಿದ್ರೆ ಯಾರೂ ಏನೂ ಅನ್ನಕಿಲ್ಲ. ಕುಂತ್ಕಂಡ್ರೆ ಎಬ್ಬುಸ್ತಾರೆ.”

“ಇದು ನಿಮ್ಮೂರಲ್ಲವೇ?”

“ಇದ್ಯಾಕೆ ನಮ್ಮೂರಾಯ್ತದೆ? ನಮ್ದು ಪಟ್ಣ. ಅರಕಲಗೂಡು ಆಚೆ, ಒಳೆ ದಂಡೆ ಪಟ್ಣ. ಸಂಗೀತ ಮಾಡ್ತಾರಲ್ಲ, ಆ ಪಟ್ಣ.”

ರುದ್ರಪಟ್ಟಣ. ಅವರು ಹುಟ್ಟಿದ ಬೀದಿಗಳಲ್ಲಿ ಅದನ್ನು ಪಟ್ಣ ಎಂದೇ ಕರೆಯುತ್ತಾರೆ. ಅಲ್ಲಿನವರಿಗೆ ಬೇರೆ ಪಟ್ಣ ಇರುವುದೇ ಇಲ್ಲ. ಇಳಿಸುವಾಗ ಹೇಳಲಿಲ್ಲವೇ ಎಂದು ಕೇಳಿದೆ.

“ಏಳ್ದೆ. ‘ಇದಲ್ಲ ಸಾ’ ಅಂದೆ. ‘ಪಟ್ಣ ಅಂದೋಳು ನೀನೇ ತಾನೇ? ಬಸ್ ಸ್ಟ್ಯಾಂಡ್ ನೋಡ್ಬುಟ್ಟು ಅಲ್ಲ ಅಂತೀಯಲ್ಲಮ್ಮಿ’ ಅಂತ ಅವ್ರು. ನಂಗೂ ನಗು ಬಂದ್ಬುಡ್ತು. ಅದ್ಸರಿ, ಓಟ್ಲಲ್ಲಿ ನನ್ ಜಾಗುಕ್ಕೆ ಯಾರ್ನೂ ಆಕ್ಕಂಡಿಲ್ಲ ತಾನೇ?”

ಅವರ ಆತಂಕ ಅದೊಂದೇ ಆಗಿತ್ತು. ಅವರನ್ನು ಕರೆದುಕೊಂಡು ಬಂದೆ. ಹೋಟೆಲ್ ಮಾಲೀಕರು ಬೈದು ಒಳಗೆ ಬಿಟ್ಟುಕೊಂಡರು. ತೊಳೆಯದ ಪಾತ್ರೆಗಳು ಹಿತ್ತಲಲ್ಲಿ ರಾಶಿ ಬಿದ್ದಿದ್ದವು.

ತಪ್ಪು ಗೊತ್ತಾದ ಮೇಲೆ ಪುರಸಭೆ ಏನು ಮಾಡಬೇಕಿತ್ತು? ಕ್ಷಮೆ ಕೇಳಬೇಕಿತ್ತು. ಅದು ಮಾಡಿದ್ದು, ಕಳುಹಿಸುವ ವಿಳಾಸವನ್ನು ತಿದ್ದಿಕೊಂಡದ್ದು. ಈ ಸಲ ಕಸದ ಗಾಡಿ ಬೇಡ, ಆಟೋ ಮಾಡಿಸಿ ರುದ್ರಪಟ್ಟಣಕ್ಕೆ ಬಿಡಿಸುತ್ತೇವೆ ಎಂದರು ನಿರೀಕ್ಷಕರು. ಮುಖ್ಯಾಧಿಕಾರಿ ಇನ್ನೊಂದು ಬಾಗಿಲು ತೆರೆದಿಟ್ಟರು: ಹುಟ್ಟಿದೂರಿನಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲವೆಂದು ಖಾತ್ರಿಯಾದರೆ ಪರಿಶೀಲಿಸಬಹುದು. ಒಬ್ಬ ವಯಸ್ಕ ಹೆಂಗಸು ತಾನು ದುಡಿಯುವ ಊರಿನಲ್ಲಿ ಮಲಗಬೇಕಾದರೆ, ಹುಟ್ಟಿದ ಊರು ತನ್ನನ್ನು ಬೇಡವೆಂದಿದೆ ಎಂದು ರುಜುವಾತು ತರಬೇಕು. ಇದನ್ನು ಅವರು ರಿಯಾಯಿತಿ ಎಂಬ ದನಿಯಲ್ಲಿ ಹೇಳಿದರು.

ನನ್ನ ಜೊತೆ ತವರಿಗೆ ಹೋಗಲು ಆ ಹೆಂಗಸೇ ಒಪ್ಪಿದರು. ಹಾಸನಕ್ಕೆ ಬಂದು, ಅಲ್ಲಿಂದ ಅರಕಲಗೂಡಿಗೆ, ಮತ್ತೆ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಕಿಟಕಿಯ ಬದಿಯಲ್ಲಿ ಕುಳಿತು ಯಾರ ಹೊಲದಲ್ಲಿ ಏನು ಬೆಳೆದಿದೆ ಎಂದು ನನಗೆ ತೋರಿಸುತ್ತಿದ್ದರು. ಅವರಣ್ಣ ವ್ಯವಸಾಯಗಾರ. ಜಗಲಿಯ ಮೇಲೆ ಚಾಪೆ ಹಾಸಿದರು, ಕಾಫಿ ಬಂತು. ನಾನು ವಿಷಯ ತೆಗೆದೆ.

“ಕೊಟ್ಟ ಹೆಣ್ಣು ಕಣವ್ವ ಅವ್ಳು,” ಎಂದರು ಅಣ್ಣ, ತಂಗಿಯ ಕಡೆ ನೋಡದೆ. “ಕೊಟ್ಟ ಮ್ಯಾಕೆ ಇದೆಂಗೆ ಅವ್ಳೂರಾಯ್ತದೆ? ದುದ್ದದ ತಾವ ಕೊಟ್ಟಿದ್ದು. ಅದು ಅವ್ಳೂರು.”

“ತಂದೆಯ ಜಮೀನಿನಲ್ಲಿ ಇವರಿಗೂ ಪಾಲಿತ್ತಲ್ಲವೇ?” ಎಂದೆ.

“ಅದ್ಕೆಲ್ಲ ಅವ್ಳೇ ಎಬ್ಬೆಟ್ಟು ಒತ್ತವ್ಳೆ. ಯಾರೂ ಕತ್ ಇಡ್ಕಂಡು ಒತ್ತುಸ್ಲಿಲ್ಲ.”

ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಹೆಬ್ಬೆಟ್ಟು ಹಾಕಿದ ದಿನ ಅಣ್ಣ ಸೀರೆ ಉಡಿಸಿ ಬಾಗಿನ ಕೊಟ್ಟಿದ್ದನ್ನು ಅವರು ಬಸ್ಸಿನಲ್ಲಿ ನನಗೆ ಹೇಳಿದ್ದರು, ದೂರಿನಂತಲ್ಲ, ಒಳ್ಳೆಯ ನೆನಪಿನಂತೆ. ಈ ಜಿಲ್ಲೆಯ ಎಷ್ಟು ತಂಗಿಯರ ಹೊಲ ಒಂದು ಸೀರೆಯೊಳಗೆ ಮಡಚಿಹೋಗಿದೆಯೋ. ಮಗಳಿಗೆ ಸಮಪಾಲೆಂದು ಕಾನೂನು ಬರೆದವರಿಗೆ ಬಾಗಿನದ ಬಲ ತಿಳಿದಿರಲಿಲ್ಲ.

ಅವರು ಲೋಟ ಕೆಳಗಿಟ್ಟು ಅಣ್ಣನಿಗೆ ಹೇಳಿದರು: “ಎದ್ರುಕೋಬ್ಯಾಡ ಕಣಣ್ಣ, ನಾನು ಇರಾಕ್ ಬಂದಿಲ್ಲ. ಊರು ತೋರ್ಸಾಕ್ ಬಂದೆ. ನಮ್ ಪಟ್ಣ ಐತೆ ಅಂದ್ರೆ ಪುರಸಭೆಯೋರು ನಂಬ್ನಿಲ್ಲ.” ಒಳಗಿದ್ದ ಅತ್ತಿಗೆಗೆ ಕೇಳುವಂತೆ, “ಕಾಪಿ ಚೆನ್ನಾಗಿತ್ತು ಕಣತ್ತಿಗೆ, ಸಕ್ರೆ ಒಂದ್ ನೀನ್ ಮರ್ತಿದ್ದೆ,” ಎಂದು ಸೇರಿಸಿದರು.

ದುದ್ದದ ಕಡೆಯ ಗಂಡನ ಮನೆಗೆ ಫೋನು ಮಾಡಿದೆ. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಮೈದುನ ಮಾತಾಡಿದರು. “ನಮ್ಮಣ್ಣನೇ ಇಲ್ಲ, ಅವ್ಳದೇನೈತೆ ಇಲ್ಲಿ? ರೇಷನ್ ಕಾರ್ಡಿಂದ ಎಸ್ರು ತೆಗ್ಸಿ ಯಾವ್ ಕಾಲ ಆಯ್ತು. ಪ್ಯಾಟೆ ಸೇರ್ಕಂಡವ್ಳೆ, ಈಗ ಅವ್ಳು ಪ್ಯಾಟೆಯೋಳು. ಪ್ಯಾಟೆಯೋರ್ನೇ ಕೇಳಿ.”

ತವರು ಗಂಡನ ಊರನ್ನು ತೋರಿಸಿತು. ಗಂಡನ ಊರು ಪೇಟೆಯನ್ನು ತೋರಿಸಿತು. ಪೇಟೆ ತವರನ್ನು ತೋರಿಸಿತ್ತು. ಗಂಡಸಿಗೆ ಹುಟ್ಟಿದ ಊರು ಸಾಯುವವರೆಗೂ ಊರು. ಹೆಂಗಸಿಗೆ ಊರೆಂಬುದು ಯಾರದೋ ಮಗಳಾಗಿ, ಯಾರದೋ ಹೆಂಡತಿಯಾಗಿ ಇರುವಷ್ಟು ಕಾಲದ ಎರವಲು. ಎರಡೂ ಮುಗಿದವರನ್ನು ಯಾವೂರೆಂದು ಕೇಳುವುದು ಪ್ರಶ್ನೆಯಲ್ಲ. ಹೊರಹಾಕುವ ಸಭ್ಯ ವಿಧಾನ.

ಹಿಂದಿರುಗುವ ಬಸ್ಸಿನಲ್ಲಿ ನಾನು ತೀರ್ಮಾನಿಸಿದೆ. ಅವರಿಗೆ ಊರಿಲ್ಲವೆಂದು ಇನ್ನು ಯಾರ ಮುಂದೆಯೂ ಸಾಬೀತು ಮಾಡುವುದಿಲ್ಲ. ಅವರ ಪರವಾಗಿ ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಕೇಳಿದವರೇ ಉತ್ತರ ಕೊಡಲಿ.

ಮುಂದಿನ ಸಾಮಾನ್ಯ ಸಭೆಯಲ್ಲಿ ಅಧ್ಯಕ್ಷೆ ನನಗೆ ಕೆಲವು ನಿಮಿಷ ಮಾತಾಡಲು ಅವಕಾಶ ಕೊಟ್ಟರು. ಸಿದ್ಧಪಡಿಸಿದ್ದ ಭಾಷಣವನ್ನು ಚೀಲದಲ್ಲೇ ಬಿಟ್ಟೆ. ತೆಂಗಿನ ವ್ಯಾಪಾರಿ ಸದಸ್ಯರ ಕಡೆ ತಿರುಗಿ ಕೇಳಿದೆ: “ಸದಸ್ಯರೇ, ತಮ್ಮದು ಯಾವೂರು?”

“ನಮ್ದು ದೊಡ್ಡಗದ್ದವಳ್ಳಿ. ಎಲ್ರಿಗೂ ಗೊತ್ತಿರೋದೇ. ಏನೀವಾಗ?”

ಪಕ್ಕದವರನ್ನು ಕೇಳಿದೆ. ದುದ್ದದ ಹತ್ತಿರ ಎಂದರು. ಅವರಾಚೆ ಕುಳಿತವರು ಹೊಳೆನರಸೀಪುರದ ಕಡೆಯ ಒಂದು ಹಳ್ಳಿಯ ಹೆಸರು ಹೇಳಿದರು. ಆರೋಗ್ಯ ನಿರೀಕ್ಷಕರು ಅರಕಲಗೂಡಿನ ಕಡೆಯವರು. ಮುಖ್ಯಾಧಿಕಾರಿ, “ನನ್ನನ್ಯಾಕೆ ಮೇಡಂ, ನಾನು ಟ್ರಾನ್ಸ್‌ಫರ್‌ನಲ್ಲಿ ಬಂದೋನು,” ಎಂದರು. ಈ ಊರಿನಲ್ಲಿ ಮನೆ ಕಟ್ಟಿಸಿ, ಮಕ್ಕಳನ್ನು ಓದಿಸಿ, ಓಟು ಗೆದ್ದವರಲ್ಲಿ ಒಬ್ಬರೂ ಈ ಊರಿನ ಹೆಸರು ಹೇಳಲಿಲ್ಲ. ನಮ್ಮ ಕಡೆ ಯಾರೂ ಹೇಳುವುದಿಲ್ಲ. ಯಾವೂರೆಂದರೆ ಬೇರು ಬಿಟ್ಟ ಹಳ್ಳಿಯ ಹೆಸರೇ ನಾಲಗೆಗೆ ಬರುವುದು. ಪಾತ್ರೆ ತೊಳೆಯುವ ಆ ಹೆಂಗಸೂ ಎಲ್ಲರಂತೆಯೇ ಉತ್ತರ ಕೊಟ್ಟಿದ್ದರು.

ಕೊನೆಗೆ ಅಧ್ಯಕ್ಷೆಯ ಕಡೆ ನೋಡಿದೆ. ಆಕೆಗೆ ಅರ್ಥವಾಗಿತ್ತು. “ನಾನು ತವರೂರು ಏಳ್ಲಾ, ಗಂಡ್ನೂರು ಏಳ್ಲಾ?” ಎಂದರು. ಸಭೆ ನಕ್ಕಿತು. ಆಕೆ ನಗಲಿಲ್ಲ.

“ನಿಮ್ಮದೇ ನಿರ್ಣಯದ ಪ್ರಕಾರ ಈ ಸಭೆಯಲ್ಲಿ ಸ್ಥಳೀಯರು ಒಬ್ಬರೂ ಇಲ್ಲ,” ಎಂದೆ. “ಕಸದ ಗಾಡಿಗಳನ್ನು ತೊಳೆಸಲು ಹೇಳೋಣವೇ?”

ತೆಂಗಿನ ವ್ಯಾಪಾರಿ ಸದಸ್ಯರು ಮೇಜು ಗುದ್ದಿ ಎದ್ದರು. “ಆ ಪಾತ್ರೆ ತೊಳ್ಯೋಳ್ಗೂ ನಮ್ಗೂ ಓಲುಸ್ತೀಯೇನಮ್ಮ? ನಮ್ಗಿಲ್ಲಿ ಮನೆ ಐತೆ ಕಣಮ್ಮ, ಮನೆ!”

“ಅವರಿಗಿಲ್ಲ. ಅದಕ್ಕೇ ಆಶ್ರಯ ಕೇಂದ್ರ ಕೇಳುತ್ತಿದ್ದೇವೆ.”

ಅಧ್ಯಕ್ಷೆ ಮುಖ್ಯಾಧಿಕಾರಿಗೆ, “ಆ ಸ್ಥಳೀಯರು ಅನ್ನೋ ಮಾತು ತೆಗ್ದಾಕ್ಬುಡಿ,” ಎಂದರು. ವಾಕ್ಯ ಹೋಯಿತು.

ಇಲ್ಲಿಗೇ ನಿಲ್ಲಿಸಿದ್ದರೆ ಇದು ಗೆಲುವಿನ ಕಥೆಯಾಗುತ್ತಿತ್ತು. ಆದರೆ ತೆಂಗಿನ ವ್ಯಾಪಾರಿ ಸದಸ್ಯರು ಕೂತಲ್ಲಿಂದಲೇ ಇನ್ನೊಂದು ಷರತ್ತು ಮುಂದಿಟ್ಟರು. ಬೀದಿಯ ಹೆಣ್ಣುಮಕ್ಕಳ ಭದ್ರತೆಗಾಗಿ ಕೇಂದ್ರದ ಗೇಟು ರಾತ್ರಿ ಒಂಬತ್ತಕ್ಕೆ ಮುಚ್ಚಬೇಕು, ಬೆಳಗ್ಗೆ ಆರಕ್ಕೆ ತೆರೆಯಬೇಕು. ಹೋಟೆಲಿನ ಕೆಲಸ ಆ ವೇಳೆಗೆ ಮುಗಿಯುವುದಿಲ್ಲವೆಂದು ನಾನು ಎದ್ದು ಹೇಳಿದೆ. ನನ್ನ ಸಮಯ ಮುಗಿದಿದೆಯೆಂದರು. ಗೇಟಿನ ಸಮಯದ ವಿಷಯ ಮುಂದೆ ನೋಡೋಣವೆಂದರು. ಒಂದು ಸಲ ಸೋತ ಸದಸ್ಯರನ್ನು ಅದೇ ದಿನ ಎರಡನೆಯ ಸಲ ಸೋಲಿಸಲು ಅಧ್ಯಕ್ಷೆಗೂ ಧೈರ್ಯ ಸಾಲಲಿಲ್ಲ.

ಉದ್ಘಾಟನೆ ಅಚ್ಚುಕಟ್ಟಾಗಿ ನಡೆಯಿತು. ರಿಬ್ಬನ್ನಿನ ಒಂದು ತುದಿಯನ್ನು ಪಾತ್ರೆ ತೊಳೆಯುವ ಹೆಂಗಸಿನ ಕೈಯಲ್ಲಿ ಹಿಡಿಸಿದರು. ಅದೇ ಸದಸ್ಯರು ಅವರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಕಿಟಕಿಯ ಪಕ್ಕದ ಮಂಚವನ್ನು ಅವರಿಗೆಂದು ಗೊತ್ತುಮಾಡಿದರು. ಅವರು ಹಾಸಿಗೆಯನ್ನು ಅಂಗೈಯಿಂದ ಒತ್ತಿ ನೋಡಿ, “ಮೆತ್ಗೈತೆ ಕಣವ್ವ,” ಎಂದು ಹೇಳಿ ಹೋಟೆಲಿಗೆ ಓಡಿದರು. ಊಟದ ಹೊತ್ತಾಗಿತ್ತು.

ಶೆಡ್ಡು ಉರುಳಿತು, ಮಳೆ ಹಿಡಿಯಿತು. ಮುದುಕರಿಬ್ಬರು ಕೇಂದ್ರದೊಳಗೆ ಮಲಗುತ್ತಾರೆ. ಅಷ್ಟರಮಟ್ಟಿಗೆ ನಮ್ಮ ಶ್ರಮ ವ್ಯರ್ಥವಲ್ಲ. ಆದರೆ ಆ ಹೆಂಗಸು ಕೆಲಸ ಮುಗಿಸಿ ಬರುವಾಗ ಗೇಟಿಗೆ ಬೀಗ ಬಿದ್ದಿರುತ್ತಿತ್ತು. ಕಾವಲುಗಾರ ಒಂದೆರಡು ಸಲ ತೆರೆದ. ಎದುರುಮನೆಯವರು ದೂರು ಕೊಟ್ಟು ಅವನಿಗೆ ನೋಟಿಸು ಕೊಡಿಸಿದರು. ಅಂದಿನಿಂದ ಅವರು ಗೇಟಿನ ಹೊರಗೆ, ಸಜ್ಜದ ಕೆಳಗಿನ ಮೆಟ್ಟಿಲ ಮೇಲೆ ಮಲಗತೊಡಗಿದರು. ನನಗೆ ತಿಳಿದು ಹೋಗಿ ಕೇಳಿದಾಗ ನನ್ನನ್ನೇ ಸಮಾಧಾನ ಮಾಡಿದರು: “ಸಜ್ಜ ಅಗ್ಲ್ವಾಗೈತೆ ಬುಡವ್ವ. ಕಾಲ್ ತಾವ ಒಂಚೂರು ಎರ್ಚಲು ಒಡೀತದೆ, ಅಷ್ಟೇಯ.”

ಹೋಟೆಲ್ ಮಾಲೀಕರನ್ನು, ಇವರನ್ನು ಒಂಬತ್ತಕ್ಕೆ ಮುಂಚೆ ಬಿಡಿ ಎಂದು ಕೇಳಿದೆ. “ಬಿಡ್ತೀನಿ ಮೇಡಂ, ಪೂರ್ತಿ ಬಿಡ್ತೀನಿ. ಒಂಬತ್ತರ ಮೇಲೆ ತೊಳೆಯೋರ್ನ ನೋಡ್ಕತೀನಿ,” ಎಂದರು. ಪುರಸಭೆಗೆ ಹೋದೆ. ಸಮಯ ಬದಲಿಸಲು ಮತ್ತೆ ಸಾಮಾನ್ಯ ಸಭೆಯ ನಿರ್ಣಯವೇ ಬೇಕೆಂದರು. ಅದಕ್ಕೆ ಬೀದಿಯವರ ಒಪ್ಪಿಗೆ ಬೇಕೆಂದರು. ಬೀದಿಯವರು ಒಪ್ಪಿಗೆಯ ಬದಲು ಗೇಟಿನ ಪಕ್ಕ ಒಂದು ಫಲಕ ಹಾಕಿಸಿಕೊಂಡರು: ಇಲ್ಲಿ ಮಲಗುವುದನ್ನು ನಿಷೇಧಿಸಿದೆ. ಜನ ಮಲಗಲೆಂದೇ ತೆರೆದ ಕಟ್ಟಡದ ಗೋಡೆಯ ಮೇಲೆ, ಪುರಸಭೆಯ ಖರ್ಚಿನಲ್ಲಿ, ದಪ್ಪ ಅಕ್ಷರಗಳಲ್ಲಿ.

ಒಂದು ಸಣ್ಣ ಊರು ಮಾಡಬೇಕಾದದ್ದು ಬಹಳವೇನಲ್ಲ. ದುಡಿಯುವವರು ಬರುವ ಹೊತ್ತಿಗೆ ಬಾಗಿಲು ತೆರೆದಿರಬೇಕು. ಇದಕ್ಕೆ ಯೋಜನೆ ಬೇಡ, ಜನಸಂಖ್ಯೆ ಬೇಡ, ಬೀಗದ ಕೈ ಒಂದಿದ್ದರೆ ಸಾಕು. ಆದರೆ ನಮ್ಮ ಊರು ಆಶ್ರಯವನ್ನು ಕಟ್ಟಿದ್ದು ಮನೆಯಿಲ್ಲದವರಿಗಾಗಿ ಅಲ್ಲ, ಮನೆಯಿರುವವರ ನಿದ್ದೆಗಾಗಿ.

ಈಗ ಅವರು ಹೋಟೆಲಿನ ಹಿಂಭಾಗದಲ್ಲಿ, ಗ್ಯಾಸ್ ಸಿಲಿಂಡರುಗಳ ಪಕ್ಕದ ಇಕ್ಕಟ್ಟಿನಲ್ಲಿ ಮಲಗುತ್ತಾರೆ. ಅದು ಅಪಾಯವೆಂದು ಮಾಲೀಕರಿಗೆ ಹೇಳಿದೆ. “ನಾನು ಇಷ್ಟಾದ್ರೂ ಜಾಗ ಕೊಟ್ಟಿದೀನಿ ಮೇಡಂ. ನೀವೆಲ್ಲ ಸೇರಿ ಏನ್ ಕೊಟ್ರಿ?” ಎಂದರು. ಸಮಯ ಬದಲಿಸುವಂತೆ ಕೊಟ್ಟ ಮನವಿ ಪ್ರತಿ ಸಭೆಯಲ್ಲೂ ಮುಂದಿನ ಸಭೆಗೆ ಹೋಗುತ್ತಿದೆ.

ಕಳೆದ ವಾರ ಜಿಲ್ಲೆಯಿಂದ ತಪಾಸಣಾ ತಂಡ ಬಂದಿತ್ತು. ಕಿಟಕಿಯ ಪಕ್ಕದ ಮಂಚದ ಬಳಿ ತಂಡದ ಮುಖ್ಯಸ್ಥರು ನಿಂತರು. ಹೊದಿಕೆಯಲ್ಲಿ ಒಂದು ಸುಕ್ಕಿರಲಿಲ್ಲ, ದಿಂಬಿನ ಮೇಲೆ ಒಂದು ಕಲೆಯಿರಲಿಲ್ಲ. ಈ ಒಂದು ಹಾಸಿಗೆಯನ್ನು ಇಟ್ಟುಕೊಂಡಿರುವ ಹಾಗೆ ಎಲ್ಲವನ್ನೂ ಇಟ್ಟುಕೊಂಡರೆ ನಮ್ಮ ಕೇಂದ್ರ ಜಿಲ್ಲೆಗೇ ಮಾದರಿಯಾಗುತ್ತದೆಂದು ಅವರು ಮೆಚ್ಚಿ ಹೋದರು.